ಕುತ್ತಿಗೆ ಆಪರೇಷನ್‌ಗೆ ಸಹಿ ಹಾಕುವ ಮುಂಚೆ ನನ್ನ ಕಥೆ ಓದಿ

ಬರೆಯಲೋ ಬೇಡವೋ ಅಂತ ತಿಂಗಳುಗಟ್ಟಲೆ ಸುಮ್ಮನಿದ್ದೆ. ನಾಚಿಕೆ ಆಗುತ್ತದೆ. ಶಿವಮೊಗ್ಗದ ಒಂದು ಸಹಕಾರ ಸಂಘದಲ್ಲಿ 26 ವರ್ಷದಿಂದ ಲೆಕ್ಕ ನೋಡುವವನು ನಾನು. ಹತ್ತು ರೂಪಾಯಿ ವೋಚರಿಗೂ ರಸೀದಿ ಎಲ್ಲಿ ಅಂತ ಕೇಳುವವನು. ಅಂಥವನು ನನ್ನದೇ ಕುತ್ತಿಗೆ ಕೊಯ್ಯುವ ಕಾಗದಕ್ಕೆ ಓದದೆ ಸಹಿ ಹಾಕಿದೆ.

ಕಳೆದ ಮಾರ್ಚ್ ಕೊನೆ, ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಕುತ್ತಿಗೆ ನೋವು ಹಳೆಯದೇ. ಆ ಸಲ ಬಲಗೈಗೂ ಇಳಿಯಿತು. ಹೆಬ್ಬೆರಳು, ತೋರುಬೆರಳು ಎರಡೂ ಜೋಮು. ರಾತ್ರಿ ನಿದ್ದೆ ಇಲ್ಲ. ಇಲ್ಲಿಯ ಡಾಕ್ಟರು ಮಾತ್ರೆ, ಫಿಸಿಯೋಥೆರಪಿ ಬರೆದುಕೊಟ್ಟು "ಆರು ವಾರ ತಡ್ಕೊಳ್ಳಿ, ಜಾಸ್ತಿ ಜನಕ್ಕೆ ತಾನಾಗೇ ಇಳಿಯುತ್ತೆ" ಅಂದಿದ್ದರು. ನಾನು ತಡೆದದ್ದು ಒಂಬತ್ತು ದಿನ. ಅದು ನನ್ನ ತಪ್ಪು, ಒಪ್ಪುತ್ತೇನೆ. ಹೆಂಡತಿಯ ತಮ್ಮ "ಬೆಂಗಳೂರಿಗೆ ಬನ್ನಿ ಭಾವ, ದೊಡ್ಡ ಆಸ್ಪತ್ರೇಲಿ ತೋರಿಸಿಬಿಡೋಣ" ಅಂದ. ಹೋದೆ. ಆಸ್ಪತ್ರೆಯ ಹೆಸರು ಹಾಕುವುದಿಲ್ಲ.

ಸರ್ಜನ್ ಎಂಆರ್‌ಐ ಫಿಲ್ಮನ್ನು ಲೈಟಿಗೆ ಹಿಡಿದು ನೋಡಿದ್ದು ಅರ್ಧ ನಿಮಿಷ. ನನ್ನ ಕೈ ಮುಟ್ಟಲಿಲ್ಲ. ಮಂಡಿಗೆ ಸುತ್ತಿಗೆಯಲ್ಲಿ ತಟ್ಟಲಿಲ್ಲ. ನಡೆಸಿ ನೋಡಲಿಲ್ಲ.

"ಸಿ5-ಸಿ6, ಸಿ6-ಸಿ7, ಎರಡು ಡಿಸ್ಕ್ ಹೋಗಿದೆ." (ಸಿ ಅಂದರೆ ಕುತ್ತಿಗೆಯ ಮೂಳೆ, ನಂಬರ್ ಮೇಲಿಂದ ಎಣಿಸಿದ್ದು. ಡಿಸ್ಕ್ ಅಂದರೆ ಎರಡು ಮೂಳೆ ನಡುವಿನ ಮೆತ್ತೆ.) "ಬೈಕ್ ಓಡಿಸ್ತೀರಾ?"

"ಹೌದು ಸರ್."

"ಒಂದು ಗುಂಡಿಗೆ ಇಳಿದ್ರೆ ಸಾಕು. ಕೈಕಾಲು ಬಿದ್ದುಹೋಗುತ್ತೆ."

ಅಷ್ಟೇ. ನನ್ನ ಹೆಂಡತಿ ಕೂತಲ್ಲೇ ಅಳೋಕೆ ಶುರು ಮಾಡಿದಳು.

ಹೊರಗೆ ಬಂದರೆ ಪ್ಯಾಕೇಜ್ ಹೇಳುವ ಹುಡುಗಿ ಕಾದಿದ್ದಳು. "ಇವತ್ತೇ ಅಡ್ಮಿಟ್ ಆದ್ರೆ ನಾಳೆ ಬೆಳಿಗ್ಗೆ ಸ್ಲಾಟ್ ಇದೆ ಅಂಕಲ್." ಹತ್ತು ದಿನ ಬಿಟ್ಟು ಮಾಡಿಸಬಹುದಾ ಅಂತ ಕೇಳಿದೆ. "ನಿಮ್ಮಿಷ್ಟ ಅಂಕಲ್. ಆದ್ರೆ ಹೆಚ್ಚುಕಮ್ಮಿ ಆದ್ರೆ ನಮ್ಮನ್ನ ಕೇಳಬೇಡಿ." ಜವಳಿ ಅಂಗಡಿಯಲ್ಲಿ ಇದೇ ಕೊನೇ ಪೀಸು ಅಂತಾರಲ್ಲ, ಅದೇ ಧಾಟಿ. ಅಂಗಡಿಯಾಗಿದ್ದರೆ ಎದ್ದು ಬರುತ್ತಿದ್ದೆ. ಇಲ್ಲಿ ಎದ್ದು ಬರಲು ಕಾಲೇ ಬರಲಿಲ್ಲ.

ಸಹಿ ಹಾಕಿಸಿದ್ದು ಬೆಳಿಗ್ಗೆ ಆರಕ್ಕೆ. ಮೈಮೇಲೆ ಹಸಿರು ಗೌನು, ಎಡಗೈಗೆ ಡ್ರಿಪ್, ಕನ್ನಡಕ ಹೆಂಡತಿಯ ಬ್ಯಾಗಿನಲ್ಲಿ. ನರ್ಸಮ್ಮ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಟ್ಟ ಕಡೆಯೆಲ್ಲ ಹಾಕುತ್ತಾ ಹೋದೆ. ಹನ್ನೊಂದು ಸಹಿ. ಜೋಮು ಹಿಡಿದ ಕೈಯಲ್ಲೇ.

ಈ ಆಪರೇಷನ್ನಿನಲ್ಲಿ ಕುತ್ತಿಗೆಯ ಮುಂದುಗಡೆ ಕೊಯ್ದು, ಶ್ವಾಸನಾಳ ಅನ್ನನಾಳ ಎರಡನ್ನೂ ಪಕ್ಕಕ್ಕೆ ಸರಿಸಿ, ಡಿಸ್ಕ್ ತೆಗೆದು, ಆ ಜಾಗ ತುಂಬಲು ಕೇಜ್ ಅನ್ನುವ ಚಿಕ್ಕ ಚೌಕಟ್ಟು ಇಟ್ಟು, ಎರಡೂ ಮೂಳೆ ಕೂಡಲಿ ಅಂತ ಟೈಟಾನಿಯಂ ಪ್ಲೇಟು ಕೂರಿಸಿ ಸ್ಕ್ರೂ ಬಿಗಿಯುತ್ತಾರೆ. ಧ್ವನಿಯ ನರ ಅಲ್ಲೇ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಧ್ವನಿ ಒಡೆಯುತ್ತದೆ. ನುಂಗುವುದೂ ಕಷ್ಟ ಆಗಬಹುದು. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಕೆಲವರಿಗೆ ಆಗುವುದಿಲ್ಲ. ಮೂಳೆ ಕೂಡಿಸಿದ ಮೇಲೆ ಆ ಕೀಲು ಬಾಗುವುದಿಲ್ಲ, ಮೇಲಿನ ಕೆಳಗಿನ ಡಿಸ್ಕಿಗೆ ಭಾರ ಜಾಸ್ತಿ, ಮುಂದೆ ಅವೂ ಸವೆಯಬಹುದು. ಇದರಲ್ಲಿ ಒಂದನ್ನೂ ನನಗೆ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲ ನಂತರ ತಿಳಿದುಕೊಂಡದ್ದು.

ಕೈಯ ಜೋಮು ಮುಕ್ಕಾಲು ಪಾಲು ಹೋಯಿತು, ಸುಳ್ಳು ಹೇಳುವುದಿಲ್ಲ. ಕುತ್ತಿಗೆ ನೋವು ಮಾತ್ರ ಹಾಗೇ ಇದೆ. ಧ್ವನಿ ಹೋಯಿತು. ಆಫೀಸಿನ ಫೋನ್ ಎತ್ತಿದರೆ "ಸಾರ್ ಇಲ್ವಾ?" ಅಂತ ನನ್ನನ್ನೇ ಕೇಳುತ್ತಾರೆ. ಅನ್ನ ಗಂಟಲಲ್ಲಿ ನಿಲ್ಲುತ್ತದೆ, ಪ್ರತಿ ತುತ್ತಿಗೂ ನೀರು ಬೇಕು.

ಇದಕ್ಕೆ ಆ ಸರ್ಜನ್ ಕೊಟ್ಟ ಉತ್ತರಗಳನ್ನು ಕೇಳಿ. ಎರಡು ವಾರಕ್ಕೆ: "ಇದೆಲ್ಲ ಕಾಮನ್." ಎರಡು ತಿಂಗಳಿಗೆ: "ಕೆಲವರಿಗೆ ನಿಧಾನ." ನಾಲ್ಕು ತಿಂಗಳಿಗೆ: "ಇಎನ್‌ಟಿಗೆ ತೋರಿಸಿ. ಫಾರ್ಮಲ್ಲಿ ಬರೆದಿತ್ತಲ್ಲ, ನೀವೇ ಸಹಿ ಮಾಡಿದ್ದೀರಿ." ಸರಿ ಸರ್, ಕುತ್ತಿಗೆ ನೋವು ಯಾಕೆ ಹೋಗಿಲ್ಲ? "ನಾವು ಆಪರೇಷನ್ ಮಾಡಿದ್ದು ಕೈ ನೋವಿಗೆ. ಕುತ್ತಿಗೆ ನೋವಿಗಲ್ಲ."

ಕುತ್ತಿಗೆ ಕೊಯ್ದದ್ದು ಕೈಗಂತೆ! ವೈದ್ಯಶಾಸ್ತ್ರದ ಪ್ರಕಾರ ಆ ಮಾತು ನಿಜವೇ. ಬರೀ ಕುತ್ತಿಗೆ ನೋವಿಗೆ ಈ ಆಪರೇಷನ್ನಿನ ಭರವಸೆ ಕಡಿಮೆ. ಆದರೆ ಅದನ್ನು ಹೇಳುವುದು ಯಾವಾಗ? ಕೊಯ್ಯುವ ಮುಂಚೆ ಅಲ್ವಾ?

ಇನ್ನೂ ಇದೆ. ಆಗಸ್ಟಿನಲ್ಲಿ ಮಗಳು ಹಾಸ್ಟೆಲಿನಿಂದ ಬಂದವಳು ಹಳೇ ಫೈಲು ಬಿಚ್ಚಿ ಎಂಆರ್‌ಐ ರಿಪೋರ್ಟ್ ಓದಿದಳು. "ಅಪ್ಪಾ, ಬೆನ್ನುಹುರಿಯ ಸಿಗ್ನಲ್ ನಾರ್ಮಲ್ ಅಂತ ಇದೆ. ಸಿ6-ಸಿ7ನಲ್ಲಿ ನರ ಒತ್ತಿಲ್ಲ ಅಂತಾನೂ ಇದೆ." ನಾನು ಕನ್ನಡಕ ಹಾಕಿ ನೋಡಿದೆ. ಇತ್ತು. ಮೊದಲ ದಿನದಿಂದಲೂ ಇತ್ತು. ಕೈಕಾಲು ಬಿದ್ದುಹೋಗುವುದು ಬೆನ್ನುಹುರಿ ಕೆಟ್ಟರೆ, ಅದು ಕೆಟ್ಟ ಗುರುತೇ ರಿಪೋರ್ಟಿನಲ್ಲಿ ಇರಲಿಲ್ಲ. ಎರಡು ಪುಟದ ಕಾಗದ, ಎರಡನೇ ಪುಟ ನಾನು ತಿರುವಿರಲೇ ಇಲ್ಲ.

ಆ ರಿಪೋರ್ಟ್ ಹಿಡಿದು ಬೇರೆ ಊರಿನ ವಯಸ್ಸಾದ ನ್ಯೂರೋಸರ್ಜನ್ ಒಬ್ಬರ ಹತ್ತಿರ ಹೋದೆ. ಆಪರೇಷನ್ನಿಗೆ ಮುಂಚೆ ಬೆನ್ನುಹುರಿ ಒತ್ತಿದ ಲಕ್ಷಣ ಇತ್ತಾ ಅಂತ ಒಂದೊಂದಾಗಿ ಕೇಳಿದರು. ಶರ್ಟಿನ ಗುಂಡಿ ಹಾಕೋಕೆ ಕಷ್ಟ ಇತ್ತಾ? ಇಲ್ಲ. ನಡೆಯುವಾಗ ತೂರಾಟ? ಇಲ್ಲ. ಕೈಯ ಶಕ್ತಿ ಕಡಿಮೆ ಆಗಿತ್ತಾ? ಇಲ್ಲ. ಫಿಸಿಯೋ ಎಷ್ಟು ವಾರ? ಒಂಬತ್ತು ದಿನ ಸರ್. ಅವರು ಪೆನ್ನು ಕೆಳಗಿಟ್ಟರು. ಆ ಸರ್ಜನ್‌ಗೆ ಒಂದು ಮಾತೂ ಬಯ್ಯಲಿಲ್ಲ. ನಲವತ್ತು ದಾಟಿದವರಿಗೆ ಎಂಆರ್‌ಐ ಮಾಡಿಸಿದರೆ ನೋವೇ ಇಲ್ಲದವರಲ್ಲೂ ಡಿಸ್ಕ್ ಉಬ್ಬಿರುವುದು ಕಾಣುತ್ತದೆ, ಅದು ಹೊಸದೇನಲ್ಲ ಅಂದರು.

ಆಪರೇಷನ್ನೇ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಆಫೀಸಿನ ಒಬ್ಬರ ತಂದೆಗೆ ಬೆನ್ನುಹುರಿಯೇ ಒತ್ತಿಹೋಗಿತ್ತು. ಕಾಲಿಂದ ಚಪ್ಪಲಿ ಜಾರಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ, ಬರಿಗಾಲಲ್ಲೇ ಮನೆಗೆ ಬರುತ್ತಿದ್ದರು. ಅಂಥವರು ತಡಮಾಡಿದರೆ ಹೋದ ಶಕ್ತಿ ವಾಪಸ್ ಬರುವುದು ಕಷ್ಟ. ಅವರು ಮಾಡಿಸಿಕೊಂಡರು, ಈಗ ತೋಟಕ್ಕೆ ಹೋಗಿ ಬರುತ್ತಾರೆ. ಅವರಿಗೆ ಇದ್ದ ಭಯವನ್ನು ಆ ಆಸ್ಪತ್ರೆಯವರು ನನಗೆ ಮಾರಿದರು, ಅದೇ ನನ್ನ ಸಿಟ್ಟು.

ಹಾಗಾಗಿ ಒಂದೇ ಪ್ರಶ್ನೆ ಕೇಳಿ: ಒತ್ತಿರುವುದು ಬೆನ್ನುಹುರಿಯಾ, ಬರೀ ನರವಾ? ಉತ್ತರ ಬರೆದುಕೊಡಿ ಅನ್ನಿ. ರಿಪೋರ್ಟನ್ನು ಬೇರೆ ಕಡೆ ತೋರಿಸಿ, ನಿಮ್ಹಾನ್ಸ್‌ಗಾದರೂ ಹೋಗಿ. ಬೇರೆ ಚಿಕಿತ್ಸೆ ಏನಿದೆ, ಏನೂ ಮಾಡಿಸದಿದ್ದರೆ ಏನಾಗುತ್ತದೆ, ಇದನ್ನೆಲ್ಲ ಹೇಳಿಯೇ ಸಹಿ ಪಡೆಯಬೇಕು ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆಯಂತೆ. ವಕೀಲ ಮಿತ್ರರು ತೋರಿಸಿದರು. ದುಡ್ಡಿನ ಕಥೆ ಬೇರೆಯೇ ಇದೆ, 2,90,000 ಅಂದದ್ದು 4,35,000 ಆಯಿತು. ಅದನ್ನು ಬರೆಯುತ್ತಾ ಕೂತರೆ ಬಿಪಿ ಏರುತ್ತದೆ.

ಈಗ ಪೂರ್ತಿ ಕೇಸ್ ಫೈಲ್ ಕೊಡಿ ಅಂತ ಅರ್ಜಿ ಕೊಟ್ಟಿದ್ದೇನೆ. ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮದ ಪ್ರಕಾರ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಇವತ್ತಿಗೆ 22 ದಿನ. ನಿನ್ನೆ ಫೋನ್ ಮಾಡಿದೆ. ಆ ಕಡೆಯವರಿಗೆ ನನ್ನ ಧ್ವನಿ ಕೇಳಿಸಲಿಲ್ಲ. "ಸ್ವಲ್ಪ ಜೋರಾಗಿ ಮಾತಾಡಿ ಸರ್" ಅಂದರು.