ಹಿಂಸೆ ತಗ್ಗಿಸಲು ಹದಿಹರೆಯದವರಿಗೆ ರಾತ್ರಿ ಕರ್ಫ್ಯೂ ಹಾಕುವುದೋ, ಬೇಸಿಗೆ ಕೆಲಸ ಕೊಡುವುದೋ?

ಮೊದಲು ಪರಿಣಾಮ. ಅಮೆರಿಕದ ವಾಷಿಂಗ್ಟನ್‌ನಲ್ಲಿ 17 ತುಂಬದವರಿಗೆ ಬೇಸಿಗೆಯಲ್ಲಿ ಮಧ್ಯರಾತ್ರಿಯಿಂದ ಇದ್ದ ಕರ್ಫ್ಯೂ ಸೆಪ್ಟೆಂಬರ್‌ನ ವಾರದ ದಿನಗಳಲ್ಲಿ 11ಕ್ಕೇ ಶುರುವಾಗುತ್ತಿತ್ತು. ಆ ಒಂದು ಗಂಟೆಯಲ್ಲಿ ಗುಂಡು ಹಾರಾಟ ಇಳಿಯಲಿಲ್ಲ, ಏರಿತು ಎಂದು 2018ರ ಅಧ್ಯಯನವೊಂದು ತೋರಿಸಿತು. ಬೀದಿ ಬರಿದಾದರೆ ಕಂಡು ಹೇಳುವವರೂ ಇರುವುದಿಲ್ಲವಲ್ಲ! ಷಿಕಾಗೊದಲ್ಲಿ 2012ರಲ್ಲಿ 8 ವಾರ, ವಾರಕ್ಕೆ 25 ಗಂಟೆ ಸಂಬಳದ ಕೆಲಸ ಸಿಕ್ಕವರಲ್ಲಿ ಹಿಂಸಾಪರಾಧದ ಬಂಧನಗಳು 16 ತಿಂಗಳಲ್ಲಿ, ಕೆಲಸ ಸಿಗದವರಿಗಿಂತ ಶೇ 43ರಷ್ಟು ಕಡಿಮೆಯಿದ್ದವು.

ಖರ್ಚಿನಲ್ಲಿ ಕರ್ಫ್ಯೂ ಅಗ್ಗವೆನಿಸುತ್ತದೆ. ಆದರೆ ಗುರುತಿನ ಚೀಟಿಯಿಲ್ಲದವರ ವಯಸ್ಸು ತಿಳಿಯಬೇಕು, ಹೆತ್ತವರು ಬರುವತನಕ ಪೊಲೀಸರು ಕಾಯಬೇಕು. ಕೆಲಸದ ಯೋಜನೆಗೆ ಸಂಬಳ, ಮಾರ್ಗದರ್ಶಕರು, ತಿಂಗಳುಗಟ್ಟಲೆ ತಯಾರಿ ಬೇಕು.

ಈ ವಾರಾಂತ್ಯವೇ ಒಂದು ಬೀದಿಯಲ್ಲಿ ಗುಂಪು ಸೇರುವ ಸುಳಿವಿದ್ದರೆ ಅಲ್ಲಿಗಷ್ಟೇ, ಕೆಲವೇ ದಿನ ಕರ್ಫ್ಯೂ ಹಾಕಿ. ವರ್ಷವಿಡೀ ಕಾಡುವ ಹಿಂಸೆಗೆ ಕೆಲಸದ ಮೇಲೆ ಹಣ ಹಾಕಿ.