ಇ2ಎಫ್‌ಎಸ್‌ಸಿಕೆ: ಹತ್ತು ವರ್ಷ ಬಳಸಿದ ಮೇಲೆ

ಲಿನಕ್ಸ್‌ನ ಎಕ್ಸ್‌ಟಿ4 ಫೈಲ್‌ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಇರುವ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕ್ರ್ಯಾಶ್ ಆದಾಗಲೆಲ್ಲ ಕೈ ಹೋಗುವುದು ಆ ಫೈಲ್‌ಸಿಸ್ಟಮ್ ಪರೀಕ್ಷಿಸಿ ರಿಪೇರಿ ಮಾಡುವ ಇ2ಎಫ್‌ಎಸ್‌ಸಿಕೆ ಟೂಲ್‌ ಕಡೆಗೇ. ಸಾಮಾನ್ಯವಾಗಿ ಜರ್ನಲ್ (ಇತ್ತೀಚಿನ ಬದಲಾವಣೆಗಳ ದಾಖಲೆ) ಓದಿ, ಕೆಲವೇ ಸೆಕೆಂಡಲ್ಲಿ ಕ್ಲೀನ್ ಅಂತ ಹೇಳಿ ಮುಗಿಸುತ್ತದೆ. ರಿಪೇರಿಯೇ ಫೇಲ್ ಆದಾಗ ಏನು ಮಾಡಬೇಕು ಅನ್ನುವುದನ್ನು ಮಾತ್ರ ನಾನು ಒಂದು ಕೆಟ್ಟ ರಾತ್ರಿ ಕಲಿತೆ.

ಸರ್ವರ್ ಕ್ರ್ಯಾಶ್ ಆಗಿ ಮತ್ತೆ ಬೂಟ್ ಆಗಲಿಲ್ಲ. ಎಫ್‌ಎಸ್‌ಸಿಕೆ ಪರೀಕ್ಷೆಯ ಮೊದಲ ಹಂತ ಪಾಸ್ 1ರಲ್ಲೇ ತಡವರಿಸುತ್ತಿತ್ತು. ಈ ಬ್ಲಾಕ್ (ಡಿಸ್ಕ್‌ನ ಒಂದು ತುಂಡು) ಓದಲು ಆಗುತ್ತಿಲ್ಲ, ಇಗ್ನೋರ್ ಮಾಡಲಾ ಅಂತ ಕೇಳಿತು. ಎಂಟರ್ ಒತ್ತಿದೆ. ಫೋರ್ಸ್ ರೀರೈಟ್, ಅಂದರೆ ಆ ಬ್ಲಾಕ್ ಮೇಲೆ ಬಲವಂತವಾಗಿ ಮತ್ತೆ ಬರೆಯುವುದು, ಮಾಡಲಾ ಅಂತ ಕೇಳಿತು. ಅದಕ್ಕೂ ಎಂಟರ್. ಕೊನೆಗೆ ಬಂದ ಎಕ್ಸಿಟ್ ಕೋಡ್ 4, ಅಂದರೆ ಸರಿಯಾಗದ ತಪ್ಪುಗಳು ಇನ್ನೂ ಉಳಿದಿವೆ. ಮತ್ತೆ ಓಡಿಸಿದೆ. ಈ ಸಲ ಬೇರೆ ಬ್ಲಾಕ್‌ಗಳಲ್ಲಿ, ಇನ್ನೂ ಜಾಸ್ತಿ ಎರರ್. ಆಮೇಲಷ್ಟೇ ಕರ್ನಲ್ ಲಾಗ್ ತೆರೆದೆ. ಐ/ಒ ಎರರ್ (ಡಿಸ್ಕ್ ಓದು-ಬರಹದ ತಪ್ಪು) ಸಾಲುಸಾಲಾಗಿ ಬಿದ್ದಿತ್ತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ರಿಪೋರ್ಟ್‌ನಲ್ಲಿ ಪೆಂಡಿಂಗ್ ಸೆಕ್ಟರ್ (ಓದಲು ಆಗದ ಜಾಗ) ಸಂಖ್ಯೆ ಏರುತ್ತಲೇ ಇತ್ತು. ಡಿಸ್ಕೇ ಸಾಯುತ್ತಿತ್ತು, ನಾನು ಅದರ ಮೇಲೆ ಬರೆಸುತ್ತಾ ಕೂತಿದ್ದೆ.

ಅಲ್ಲಿಗೆ ನಿಲ್ಲಿಸಿದೆ. ಹಾಳಾಗುತ್ತಿರುವ ಡಿಸ್ಕ್‌ನಿಂದ ಡೇಟಾ ಕಾಪಿ ಮಾಡುವ ಡಿಡಿರೆಸ್ಕ್ಯೂನಿಂದ ಇಡೀ ಡಿಸ್ಕನ್ನು ಹೊಸದಕ್ಕೆ ಕಾಪಿ ಮಾಡಿಕೊಂಡೆ. ಎಲ್ಲಿವರೆಗೆ ಕಾಪಿ ಆಯಿತು ಅಂತ ಬರೆದಿಡುವ ಮ್ಯಾಪ್‌ಫೈಲ್ ಕೊಡುವುದನ್ನು ಮರೆಯಬೇಡಿ, ಮಧ್ಯೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಕಾಪಿ ಮೇಲೆ ಎಫ್‌ಎಸ್‌ಸಿಕೆ ಓಡಿಸಿದರೆ ಬ್ಯಾಡ್ ಮ್ಯಾಜಿಕ್ ನಂಬರ್ ಅಂತ ಬಂತು. ಅಂದರೆ ಫೈಲ್‌ಸಿಸ್ಟಮ್‌ನ ಮುಖ್ಯ ವಿವರ ಇರುವ ಸೂಪರ್‌ಬ್ಲಾಕ್ ಹೋಗಿತ್ತು. 4 ಕೆಬಿ ಬ್ಲಾಕ್ ಇದ್ದರೆ ಅದರ ಮೊದಲ ಬ್ಯಾಕಪ್ ಸಾಮಾನ್ಯವಾಗಿ 32768ನೇ ಬ್ಲಾಕ್‌ನಲ್ಲಿರುತ್ತದೆ. ಅದೂ ಹಾಳಾಗಿತ್ತು. ಮೈನಸ್ ಬಿ ಆಪ್ಷನ್‌ಗೆ ಮುಂದಿನ ಬ್ಯಾಕಪ್ ಇರುವ 98304 ಕೊಟ್ಟೆ. ತೆರೆದುಕೊಂಡಿತು! ಆ ಖುಷಿ ಈಗಲೂ ನೆನಪಿದೆ.

ಫೈಲ್‌ಗಳು ಬಂದವು, ಆದರೆ ಹಲವು ಲಾಸ್ಟ್ ಅಂಡ್ ಫೌಂಡ್ ಫೋಲ್ಡರ್‌ನಲ್ಲಿ ಬಂದು ಬಿದ್ದವು. ಹೆಸರಿಲ್ಲ, ಹ್ಯಾಶ್ ಗುರುತಿನ ಮುಂದೆ ಐನೋಡ್ ನಂಬರ್ (ಫೈಲ್‌ಸಿಸ್ಟಮ್ ಒಳಗೆ ಫೈಲ್ ಗುರುತಿಸುವ ಸಂಖ್ಯೆ) ಮಾತ್ರ. ಫೈಲ್ ಕಮಾಂಡ್‌ನಿಂದ ಇದು ಡೇಟಾಬೇಸ್, ಇದು ಚಿತ್ರ ಅಂತ ಒಂದೊಂದಾಗಿ ವಿಂಗಡಿಸಿದೆ. ಎರಡು ದಿನ ಹಿಡಿಯಿತು.

ಇಷ್ಟವಾದದ್ದು ಮೈನಸ್ ಎನ್ ಆಪ್ಷನ್. ಏನನ್ನೂ ಬದಲಿಸದೆ ತಪ್ಪುಗಳನ್ನು ಮಾತ್ರ ತೋರಿಸುತ್ತದೆ. ಮೈನಸ್ ಝಡ್ ಕೊಟ್ಟರೆ ಬದಲಾವಣೆಗಳನ್ನು ಹಿಂದಕ್ಕೆ ತರಲು ಅಂಡೂ ಫೈಲ್ ಕೂಡ ಇಡುತ್ತದೆ, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಹಾರ್ಡ್‌ಲಿಂಕ್ (ಒಂದೇ ಫೈಲ್‌ಗೆ ಹಲವು ಹೆಸರು) ತುಂಬಿರುವ ಬ್ಯಾಕಪ್ ಸರ್ವರ್‌ನಲ್ಲಿ ಮಾತ್ರ ಮೆಮೊರಿ ಸಾಲದೆ ಅರ್ಧಕ್ಕೇ ನಿಂತುಬಿಡಬಹುದು. ಕಾನ್ಫಿಗ್ ಫೈಲ್‌ನಲ್ಲಿ ಸ್ಕ್ರ್ಯಾಚ್ ಫೈಲ್ಸ್ (ಮೆಮೊರಿ ಬದಲು ಡಿಸ್ಕ್‌ನಲ್ಲಿಡುವ ತಾತ್ಕಾಲಿಕ ಫೈಲ್‌ಗಳು) ಡೈರೆಕ್ಟರಿ ಹೇಳಿಕೊಟ್ಟರೆ ಮುಂದೆ ಹೋಗುತ್ತದೆ, ನಿಧಾನವಾಗಿ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಆ ಫೋರ್ಸ್ ರೀರೈಟ್ ಪ್ರಶ್ನೆಗೆ. ಸುಮ್ನೆ ಎಂಟರ್ ಒತ್ತಿದರೂ ಯೆಸ್ ಅಂತಲೇ ಆಗುತ್ತದೆ. ಡಿಸ್ಕ್ ಸಾಯುತ್ತಿರಬಹುದು, ಮೊದಲು ಕಾಪಿ ಮಾಡಿಕೋ ಅಂತ ಅಲ್ಲೇ ಒಂದು ಸಾಲು ಹೇಳಬಹುದಿತ್ತು, ಅಲ್ವಾ?