ಡಿಸೈನ್ ಕಾಲೇಜಲ್ಲಿ ಪರ್ಫಾರ್ಮಿಂಗ್ ಆರ್ಟ್ಸ್ ಸೇರೋರು ಮೊದಲು ನೆಲ ನೋಡಿ

ವಿಶುವಲ್ ಆರ್ಟ್ಸ್, ಪರ್ಫಾರ್ಮಿಂಗ್ ಆರ್ಟ್ಸ್ ಎರಡೂ ಒಂದೇ ಕೋರ್ಸಲ್ಲಿ ಸಿಗುತ್ತೆ ಅಂತ ಡಿಸೈನ್ ಕಾಲೇಜಿಗೆ ಸೇರೋಕೆ ಹೊರಟಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ, ಫೀಸ್ ಕಟ್ಟೋದು ಒಂದು ವಾರ ತಡ ಆದ್ರೂ ಪರವಾಗಿಲ್ಲ. ನಾನು ಓದಿದ ಕಾಲೇಜಿನ ಹೆಸರು ಹೇಳಲ್ಲ, ಆದ್ರೆ ಆಗಿದ್ದನ್ನ ಆದ ಹಾಗೇ ಹೇಳ್ತೀನಿ.

ನಂಗೆ ಚಿಕ್ಕೋಳಿದ್ದಾಗಿಂದ ಚಿತ್ರ ಬರೆಯೋದೂ ಹುಚ್ಚು, ಡ್ಯಾನ್ಸೂ ಹುಚ್ಚು. ಎರಡರಲ್ಲಿ ಒಂದು ಬಿಡು ಅಂತ ಎಲ್ಲರೂ ಹೇಳೋರು, ಬಿಡೋಕೆ ಆಗ್ತಿರ್ಲಿಲ್ಲ. ಅಂಥ ಟೈಮಲ್ಲಿ ಈ ಕೋರ್ಸ್ ಕಣ್ಣಿಗೆ ಬಿತ್ತು. ಅಪ್ಪನ್ನ ಕರ್ಕೊಂಡು ಓಪನ್ ಡೇಗೆ ಹೋದ್ರೆ ದೊಡ್ಡ ಹಾಲ್, ಸುತ್ತ ಕಪ್ಪು ಪರದೆ, ಮೇಲೆ ಸಾಲಾಗಿ ಲೈಟು, ಸೀನಿಯರ್ಸ್ ಹತ್ತು ನಿಮಿಷದ ಒಂದು ಪೀಸ್ ಮಾಡಿದ್ರು, ನಂಗೆ ಮೈ ಜುಂ ಅಂತು. ಇಂಟರ್ವ್ಯೂಲಿ ಸರ್ ಬೌಹೌಸ್ ಅನ್ನೋ ಜರ್ಮನಿಯ ಹಳೇ ಡಿಸೈನ್ ಶಾಲೆ ಬಗ್ಗೆ ಹೇಳಿದ್ರು, ನಾವೂ ಅದೇ ದಾರೀಲಿ ಇದೀವಿ ಅಂದ್ರು. ಅಪ್ಪ ವಾಪಸ್ ಬರ್ತಾ ದಾರೀಲೇ ಲೋನ್ ಬಗ್ಗೆ ಮಾತಾಡೋಕೆ ಶುರು ಮಾಡಿದ್ರು.

ಬೌಹೌಸ್ ಬಗ್ಗೆ ಅವರು ಹೇಳಿದ್ದು ಸುಳ್ಳೇನಲ್ಲ. ಆಮೇಲೆ ಲೈಬ್ರರೀಲಿ ಕೂತು ಓದಿದೀನಿ. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಶುರುವಾದ ಆ ಡಿಸೈನ್ ಶಾಲೇಲಿ ನಿಜವಾಗ್ಲೂ ಸ್ಟೇಜ್ ವರ್ಕ್‌ಶಾಪ್ ಇತ್ತು, ಆಸ್ಕರ್ ಶ್ಲೆಮರ್ ಅನ್ನೋ ಚಿತ್ರಕಾರರು 1923ರಿಂದ 1929ರವರೆಗೆ ಅದನ್ನ ನೋಡ್ಕೊಂಡ್ರು. ಅವರ ಒಂದು ಬ್ಯಾಲೆ 1922ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಆಗಿತ್ತು, ಮೂರೇ ಜನ ಡ್ಯಾನ್ಸರ್ಸ್, 18 ಕಾಸ್ಟ್ಯೂಮ್, ಕಾಸ್ಟ್ಯೂಮ್ ಎಷ್ಟು ಬಿಡುತ್ತೋ ದೇಹ ಅಷ್ಟೇ ತಿರುಗಬೇಕು ಅನ್ನೋ ಥರ. ನಂಗೆ ತುಂಬಾ ಇಷ್ಟ ಆಗಿದ್ದು ಶಾಲೆ ಆಮೇಲೆ ಡೆಸಾವ್ ಅನ್ನೋ ಊರಿಗೆ ಹೋದಾಗ ಅಲ್ಲಿ 1926ರಲ್ಲಿ ಶುರುವಾದ ಶಾಲೆಯ ಕಟ್ಟಡ, ಅದರಲ್ಲಿ ಸ್ಟೇಜ್ ಇರೋದು ಸಭಾಂಗಣಕ್ಕೂ ಕ್ಯಾಂಟೀನ್‌ಗೂ ನಡುವೆ, ಎರಡೂ ಕಡೆ ತೆಗೆದು ಒಂದೇ ಮಾಡ್ಕೊಬಹುದಿತ್ತು. ಸ್ಟೇಜ್ ಅಂದ್ರೆ ಆ ಶಾಲೆಗೆ ನಡುಮನೆ ಇದ್ದ ಹಾಗೆ.

ನಮ್ಮಲ್ಲಿ ಕ್ಲಾಸ್ ಶುರುವಾದ ಮೇಲೆ ಅದೇ ಹಾಲ್‌ಗೆ ಹೋದ್ರೆ ಪರದೆ ಇಲ್ಲ, ಲೈಟಿಲ್ಲ. ಎಲ್ಲಾ ಆ ದಿನಕ್ಕೆ ಬಾಡಿಗೆಗೆ ತಂದಿದ್ದಂತೆ. ಮಾಮೂಲಿ ಸೆಮಿನಾರ್ ಹಾಲ್ ಅದು, ಸಿಮೆಂಟ್ ನೆಲ, ಮೇಲೆ ಟೈಲ್ಸ್, ಟೈಲ್ಸ್ ಮೇಲೆ ತೆಳ್ಳಗಿನ ಕಪ್ಪು ಮ್ಯಾಟು.

ಈ ಮ್ಯಾಟ್ ನೋಡಿ ಮೋಸ ಹೋಗ್ಬೇಡಿ. ನಾನು ಹೋಗಿದ್ದು ಹಾಗೇ. ಮ್ಯಾಟ್ ಇರೋದು ಕಾಲು ಜಾರದೆ ಇರ್ಲಿ ಅಂತ, ಹಾರಿ ಬಿದ್ದಾಗಿನ ಹೊಡೆತ ಅದು ತಡೆಯಲ್ಲ. ಡ್ಯಾನ್ಸಿಗೆ ಅಂತ ಮಾಡಿರೋ ನೆಲದ ಅಡಿ ಮರದ ಪಟ್ಟಿ, ರಬ್ಬರ್ ಇಲ್ಲಾ ಫೋಮ್ ಪ್ಯಾಡ್ ಇರುತ್ತೆ, ಸ್ಪ್ರಂಗ್ ಫ್ಲೋರ್ ಅಂತಾರೆ, ನೀವು ಹಾರಿ ಇಳಿದಾಗ ನೆಲ ಒಂಚೂರು ಕುಗ್ಗಿ ಮೇಲೇಳುತ್ತೆ. ಸಿಮೆಂಟ್ ಕುಗ್ಗಲ್ಲ, ಆ ಹೊಡೆತ ಪೂರ್ತಿ ನಿಮ್ಮ ಮೂಳೆಗೇ.

ಎರಡನೇ ಸೆಮಿಸ್ಟರಲ್ಲಿ ಶೋ ಇದೆ ಅಂತ ಪ್ರಾಕ್ಟೀಸ್ ಒಮ್ಮೆಲೇ ದಿನಕ್ಕೆ ಐದು ಗಂಟೆ ಮಾಡಿದ್ರು. ಮೂರನೇ ವಾರಕ್ಕೆ ಎಡಗಾಲಲ್ಲಿ ಮೊಣಕಾಲಿನ ಕೆಳಗೆ ನೋವು. ಒಂದು ನಾಣ್ಯದಷ್ಟಗಲ ಜಾಗ, ಬೆರಳಿಟ್ರೆ ಜೀವ ಹೋದಂಗಾಗೋದು, ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಡೋಕೆ ಗೋಡೆ ಹಿಡ್ಕೊಬೇಕಿತ್ತು. ಮೇಡಂಗೆ ಹೇಳಿದ್ರೆ ಸ್ಟ್ರೆಚ್ ಮಾಡು ಅಂದ್ರು. ಎಕ್ಸ್‌ರೇಲಿ ಏನೂ ಕಾಣ್ಲಿಲ್ಲ, ಆದ್ರಿಂದ ನಾಟಕ ಮಾಡ್ತಿದಾಳೆ ಅಂತಾನೂ ಅನ್ನಿಸ್ಕೊಂಡೆ. ಎಂಆರ್‌ಐ ಮಾಡಿಸಿದಾಗ ಸ್ಟ್ರೆಸ್ ಫ್ರ್ಯಾಕ್ಚರ್, ಅಂದ್ರೆ ಪದೇ ಪದೇ ಹೊಡೆತ ಬಿದ್ದು ಮೂಳೇಲಿ ಸಣ್ಣ ಬಿರುಕು, ಎಂಟು ವಾರ ಹಾರೋ ಹಂಗಿಲ್ಲ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಪ್ರಾಕ್ಟೀಸ್ ಯಾವಾಗ ಜಾಸ್ತಿ ಆಯ್ತು ಅಂತ, ಎರಡನೇದು ನೆಲ ಎಂಥದು ಅಂತ. ಅಟೆಂಡೆನ್ಸ್ ಕಮ್ಮಿ ಆಯ್ತು ಅಂತ ಆ ಸೆಮಿಸ್ಟರ್ ಮತ್ತೆ ಮಾಡೋಕೆ ಹೇಳಿದ್ರು, ಫೀಸೂ ಮತ್ತೆ ಕಟ್ಟಿ ಅಂದ್ರು. ಅಪ್ಪನಿಗೆ ಅದನ್ನ ಹೇಳೋ ಫೋನ್ ಕಾಲ್ ನಂಗೆ ಕಾಲು ನೋವಿಗಿಂತ ಜಾಸ್ತಿ ನೋವು ಕೊಡ್ತು.

ಸರಿ, ಡ್ಯಾನ್ಸ್ ಹೋಗ್ಲಿ, ಸ್ಟೇಜ್ ಲೈಟಿಂಗ್ ಕಲಿಯೋಣ ಅಂದ್ಕೊಂಡೆ, ಅದು ಚಿತ್ರಕ್ಕೂ ಹತ್ರ. ಲೈಟಿಂಗ್ ಪೇಪರ್ ಪೂರ್ತಿ ಪಿಪಿಟಿಲೇ ಮುಗೀತು. ಪೇಂಟಲ್ಲಿ ಕೆಂಪು ಹಸಿರು ಕಲಸಿದ್ರೆ ಕೆಸರು ಬಣ್ಣ, ಬೆಳಕಲ್ಲಿ ಅವೆರಡೂ ಸೇರಿದ್ರೆ ಹಳದಿ, ಇದನ್ನ ಬರೆದು ಮಾರ್ಕ್ಸ್ ತಗೊಂಡ್ವಿ, ಕಣ್ಣಾರೆ ನೋಡ್ಲಿಲ್ಲ. ಶೋ ದಿನ ಒಬ್ಬಳು ಕಷ್ಟಪಟ್ಟು ಹೊಲಿದಿದ್ದ ಕೆಂಪು ಲಂಗ ಹಸಿರು ಲೈಟಿನ ಕೆಳಗೆ ಬಂದ ತಕ್ಷಣ ಕಪ್ಪಾಗಿ ಹಿಂದಿನ ಪರದೇಲಿ ಮುಳುಗಿಹೋಯ್ತು. ಲೈಟ್ ಬಂದಿದ್ದೇ ಅವತ್ತು ಮಧ್ಯಾಹ್ನ. ಸ್ಟೇಜ್ ಪಕ್ಕದ ಮರೇಲಿ, ವಿಂಗಲ್ಲಿ ನಿಂತು ಅವಳು ಅಳ್ತಿದ್ಳು. ಅದು ಅವಳ ತಪ್ಪೇ ಅಲ್ಲ, ಒಂದೇ ಒಂದು ಹಸಿರು ಫಿಲ್ಟರ್, ಒಂದು ಲ್ಯಾಂಪ್ ಮೊದಲ ವಾರದಲ್ಲೇ ಕ್ಲಾಸಿಗೆ ತಂದಿದ್ರೆ ಸಾಕಿತ್ತು.

ಇನ್ನು ಜ್ಯೂರಿ, ಅಂದ್ರೆ ನಮ್ಮ ಕೆಲಸ ನೋಡಿ ತೂಗಿ ಹೇಳೋಕೆ ಕಾಲೇಜು ಕರೆಸೋರು. ಬಂದೋರೆಲ್ಲ ಪ್ರಾಡಕ್ಟ್, ಗ್ರಾಫಿಕ್ ಕಡೆಯೋರು. ನನ್ನ ಪೀಸ್ ನೋಡಿ ಇದಕ್ಕೆ ಯೂಸರ್ ಯಾರು ಅಂದ್ರು. ಅವರನ್ನ ಬೈಯಲ್ಲ, ಅವರ ಕೆಲಸ ಅವರು ಮಾಡಿದ್ರು, ಕರೆಸಿದವರದ್ದು ತಪ್ಪು.

ಅದಕ್ಕೇ ಹೇಳ್ತಿರೋದು, ಓಪನ್ ಡೇ ಬಿಟ್ಟು ಬೇರೆ ಯಾವುದಾದ್ರೂ ಮಾಮೂಲಿ ದಿನ ಹೇಳ್ದೆ ಹೋಗಿ. ಚಪ್ಪಲಿ ಬಿಚ್ಚಿ ಹಾಲ್‌ನಲ್ಲಿ ಹಿಮ್ಮಡಿಯಿಂದ ನೆಲಕ್ಕೆ ಕುಟ್ಟಿ ನೋಡಿ, ಅಡಿ ಟೊಳ್ಳಿದ್ರೆ ಸದ್ದಲ್ಲೇ ಗೊತ್ತಾಗುತ್ತೆ, ಮ್ಯಾಟ್ ಅಂಚು ಎತ್ತಿ ಕೆಳಗೇನಿದೆ ನೋಡಿ. ಬ್ರೋಷರ್ ಬೇಡ, ಹೋದ ಸೆಮಿಸ್ಟರಿನ ಟೈಮ್‌ಟೇಬಲ್ ಕೇಳಿ, ಪರ್ಫಾರ್ಮೆನ್ಸ್‌ಗೆ ವಾರಕ್ಕೆ ಎಷ್ಟು ಗಂಟೆ ಇದೆ ಎಣಿಸಿ, ನಮ್ಮಲ್ಲಿ ಮೊದಲ ವರ್ಷ ಎರಡೇ ಗಂಟೆ ಇತ್ತು. ಕಲಿಸೋರಲ್ಲಿ ಯಾರು ಕಾಯಂ, ಯಾರು ವಿಸಿಟಿಂಗ್ ಅಂತ ಕೇಳಿ. ಕೊನೇ ವರ್ಷದೋರು ಯಾರಾದ್ರೂ ಸಿಕ್ಕಿದ್ರೆ ಸ್ಟಾಫ್ ಪಕ್ಕದಲ್ಲಿ ಇಲ್ದೆ ಮಾತಾಡ್ಸಿ, ಓಪನ್ ಡೇ ದಿನ ಒಬ್ಬ ಅಕ್ಕ ಮೆಟ್ಟಿಲ ಹತ್ರ ಏನೋ ಹೇಳೋಕೆ ಬಂದು, ಸರ್ ಬಂದ ತಕ್ಷಣ ಸುಮ್ಮನಾಗಿದ್ರು, ನಾನು ಆಗ ಅದನ್ನ ತಲೆಗೆ ಹಾಕ್ಕೊಳ್ಳಲಿಲ್ಲ.

ಟೈಮ್‌ಟೇಬಲ್ ಸಿಕ್ಕಿ ಅರ್ಥ ಆಗ್ಲಿಲ್ಲ ಅಂದ್ರೆ ನಂಗೆ ಕಳಿಸಿ, ಸಂಕೋಚ ಬೇಡ. ಕೂತು ಒಂದೊಂದು ಸಾಲೂ ನೋಡಿ ಹೇಳ್ತೀನಿ.